ಮೊದಲು ಯಾರ ಮನೆ

ಏಪ್ರಿಲ್ 6, ಸೋಮವಾರ
ಯಾರಿಗೂ ಹೇಳಿಲ್ಲ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದ್ದು ಲೆಕ್ಕ ಬಾರದೆ ಅಲ್ಲ. ಇಡೀ ದಿನ ಒಂದೇ ಬೆಂಚಿನಲ್ಲಿ ಕೂರಲು ಆಗಲಿಲ್ಲ, ಅಷ್ಟೆ. ಲೆಕ್ಕ ಇಷ್ಟ. ಫೋನಿನಲ್ಲಿ ದಿನಾ ಆಡುವುದೂ ಅದೇ — ಒಂದಿಷ್ಟು ಊರು, ನಡುವೆ ರಸ್ತೆಗಳು, ಎಲ್ಲ ಮುಟ್ಟಿ ವಾಪಸ್ ಬರಲು ಚಿಕ್ಕ ದಾರಿ ಯಾವುದು? ಮನೆಯವರು ರೀಲ್ಸ್ ಅಂದುಕೊಂಡಿದ್ದಾರೆ.

ಇವತ್ತು ನಿಜವಾದದ್ದೇ ಸಿಕ್ಕಿತು. ಧನ್ಯಕ್ಕನ ಮದುವೆ ಕಾರ್ಡು ಹಂಚಬೇಕು. ಹೊಳೆನರಸೀಪುರದಲ್ಲಿ ಅಮ್ಮನ ಅಣ್ಣ ಪುಟ್ಟರಾಜು ಮಾವ. ಚನ್ನರಾಯಪಟ್ಟಣದಲ್ಲಿ ಅವರ ತಮ್ಮ ಸುದರ್ಶನ್ ಮಾವ. ಅರಕಲಗೂಡಿನಲ್ಲಿ ಅಪ್ಪನ ಕಡೆಯವರು. ಹಾಸನದಿಂದ ಒಂದೇ ಸುತ್ತು ಹಾಕಿದೆ: ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ವಾಪಸ್. ಹೋದ ರಸ್ತೆಯಲ್ಲಿ ಮತ್ತೆ ಬರುವಂತಿಲ್ಲ.

"ಮೊದ್ಲು ಅಣ್ಣನ ಮನೆ ಅಲ್ವೇನೇ?" ಅಂದಳು ಅಮ್ಮ.
"ಎಲ್ಲಾ ಒಂದೇ ದಿನ ತಾನೇ."
ಒಪ್ಪಿದಳು.

ಏಪ್ರಿಲ್ 8
ಇವತ್ತು ಕಾರ್ಡು ಹಂಚಲು ಹೊರಟೆವು, ಮೊದಲು ಚನ್ನರಾಯಪಟ್ಟಣಕ್ಕೆ. ಸುದರ್ಶನ್ ಮಾವ ಖುಷಿಯಲ್ಲಿ ಕಾರ್ಡಿನ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹೊಳೆನರಸೀಪುರಕ್ಕೆ ನಮಗಿಂತ ಮೊದಲು ಫೋಟೊ ತಲುಪಿತು.

ಪುಟ್ಟರಾಜು ಮಾವ ಬಾಗಿಲಲ್ಲೇ ನಿಂತಿದ್ದರು. "ನೋಡ್ದೆ ಕಣವ್ವ, ಫೋನ್ನಾಗೆ. ಚೆಂದಾಗದೆ. ಓಗ್ಬನ್ನಿ."
"ಈ ಕಡೆ ರಸ್ತೆ ಕೆಲ್ಸ ಕಣಣ್ಣ, ಅದ್ಕೇ ಸುತ್ಕಂಡು..." ಅಂದಳು ಅಮ್ಮ.
ಬಾಯಿ ತಡೆಯಲಿಲ್ಲ. "ರಸ್ತೆ ಚೆನ್ನಾಗೇ ಅದೆ ಮಾವ. ದಾರಿ ಹಾಕಿದ್ದು ನಾನು. ಅಂಗೋದ್ರೆ ದೂರ ಕಮ್ಮಿ."
"ಓಹೋ. ಪೆಟ್ರೋಲ್ ಉಳಿಸ್ದೆ ಅನ್ನು ನಿಧಿ. ಮದ್ವೇಲಿ ನನ್ ಊಟಾನೂ ಉಳಿಸ್ಬುಡು."
ಬಾಗಿಲು ಹಾಕಿಕೊಂಡರು. ಅರಕಲಗೂಡಿಗೆ ಹೋಗಲೇ ಇಲ್ಲ.

ಸೋದರಮಾವನಿಗೆ ಮೊದಲ ಕಾರ್ಡು, ಅದರಲ್ಲೂ ಹಿರಿಯರಿಗೆ. ಹೆಣ್ಣನ್ನು ಕೈ ಹಿಡಿದು ಹಸೆಗೆ ಕರೆತರುವವರು ಅವರೇ. ಬರದಿದ್ದರೆ...

ಏಪ್ರಿಲ್ 13
ಮಾವ ಫೋನ್ ತೆಗೆಯುತ್ತಿಲ್ಲ. ಅಪ್ಪ ದಿನಾ ಮಾಡುತ್ತಾರೆ.
ಧನ್ಯಕ್ಕ ಇವತ್ತು ಬಾಯಿ ಬಿಟ್ಟಳು: "ಸುಮ್ನಿರಕ್ಕಾಯ್ತಿರ್ಲಿಲ್ವೇನೇ ನಿಂಗೆ? ದೊಡ್ಡ ಸತ್ಯವಂತೆ!"
ಫೋನಿನ ಆಟ ಮುಟ್ಟಿಲ್ಲ. ಅದರಲ್ಲಿ ಊರುಗಳಿಗೆ ಅಣ್ಣ-ತಮ್ಮ ಅಂತಿಲ್ಲ. ಯಾವುದು ಮೊದಲಾದರೂ ಇನ್ನೊಂದು ಮುನಿಸಿಕೊಳ್ಳುವುದಿಲ್ಲ.

ಏಪ್ರಿಲ್ 15, ಸಂಜೆ
ಅಮ್ಮ ಪಕ್ಕದಲ್ಲಿ ಬಂದು ಕೂತಳು. "ತಮ್ಮಂಗೆ ಕೊಟ್ಟಿದ್ದು ಪ್ರಿಂಟು ಸರಿಯಾಗದಾ ನೋಡಕ್ಕೆ ಅಂತ ಯೋಳು. ನೀ ಯೋಳುದ್ರೆ ಅಣ್ಣ ನಂಬ್ತನೆ. ನೀನು ಸುಳ್ಳಾಡಲ್ಲ ಅಂತ ಅವ್ನಿಗ್ ಗೊತ್ತದೆ."
ನಂಬುತ್ತಾರೆ. ಅದೇ ಭಯ.
ಆಗಲ್ಲ ಅಂದೆ.
"ಇನ್ನೇನ್ ಮಾಡೀಯೆ?" ಅಂತ ಅತ್ತಳು.

ಏಪ್ರಿಲ್ 16
ಅರಕಲಗೂಡಿನ ಕಾರ್ಡುಗಳು ಹಾಗೇ ಇವೆ. ಮಾವನ ಮುಂದಿಡುತ್ತೇನೆ. ತಪ್ಪಾಯ್ತು ಅನ್ನುತ್ತೇನೆ. ಇವನ್ನು ನೀವೇ ಮುಂದೆ ನಿಂತು ಹಂಚಿಸಿ, ಯಾರ ಮನೆ ಮೊದಲು, ಯಾರದ್ದು ಆಮೇಲೆ, ನೀವೇ ಹೇಳಿ — ಎಷ್ಟು ದೂರವಾದರೂ ಸರಿ. ಬಾಗಿಲೇ ತೆಗೆಯದಿದ್ದರೆ? ತೆಗೆದು, ಆಗಲ್ಲ ಅಂದುಬಿಟ್ಟರೆ?

ಇದನ್ನು ಕೇಳಿ ಅಕ್ಕ ಅರಿಶಿನ ಕುಂಕುಮದ ಡಬ್ಬಿ ತಂದು ನನ್ನ ಬ್ಯಾಗಿಗೆ ಹಾಕಿ ಹೋದಳು.

ನಾಳೆ ಬೆಳಗಿನ ಬಸ್ಸಿಗೆ ಹೊಳೆನರಸೀಪುರಕ್ಕೆ ಹೊರಡುತ್ತೇನೆ.