ಡಿಲ್ವಿನ್ ಮಗಳನ್ನು ಕರೆದರು

ಅಪ್ಪಾ,

ಸ್ವಾನ್ಸೀ ಆಸ್ಪತ್ರೆಯಲ್ಲಿ ನಾನೀಗ ವಾಕ್ ಚಿಕಿತ್ಸೆಯ ಸಹಾಯಕಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಡಿಲ್ವಿನ್ ಎದುರು ಆರು ವಾರ ಚಿತ್ರದ ಕಾರ್ಡು ಹಿಡಿದು ಕೂತಿದ್ದೆ. ಇವತ್ತು ಅವರ ಮಗಳು ಬಂದಳು. ವಾರಕ್ಕೊಮ್ಮೆ ಬರುವವಳು.

"ನೆ... ನೆ..." ಎಂದು ಅವರು ತಡವರಿಸಿದರು.

"ಏನಪ್ಪಾ, ಕಿಟಕಿ ಹಾಕ್ಲಾ?" ಎಂದಳು ಮಗಳು.

"ಸ್ವಲ್ಪ ಸುಮ್ನಿರಮ್ಮ, ಅವರೇ ಹೇಳ್ತಾರೆ," ಎಂದೆ.

ಕಾದೆವು. "ನೆರಿಸ್!" ಎಂದು ಮಗಳ ಹೆಸರು ಹಿಡಿದು ಕರೆದರು. ಅವಳು ತಂದೆಯನ್ನು ತಬ್ಬಿಕೊಂಡು ಅತ್ತಳು. ನನಗೆ ಹೊಟ್ಟೆ ಉರಿಯಿತು. ಒಂದು ಒಳ್ಳೆಯ ಮಾತೂ ಆಡದೆ ಕಾರ್ಡುಗಳನ್ನು ಎತ್ತಿಕೊಂಡು ಹೊರಬಂದೆ.

ನೀನು ತೀರಿಕೊಳ್ಳುವ ಮುಂಚಿನ ಕೊನೆಯ ತಿಂಗಳು, ಮಾತು ನಿಂತಿದ್ದ ನೀನೂ ನನ್ನನ್ನು ನೋಡಿ "ಡೆ... ಡೆ..." ಎನ್ನುತ್ತಿದ್ದೆ. ಪ್ರತಿ ಸಲವೂ ನಾನು, "ಟೀ ತಾನೆ? ತರ್ತೀನಿ ಇರು," ಎಂದು ಅಡುಗೆಮನೆಗೆ ಓಡುತ್ತಿದ್ದೆ. ನೀನು ಸುಮ್ಮನೆ ಕುಡಿಯುತ್ತಿದ್ದೆ.

ನಿನ್ನ ಮಗಳು,
ಡೆಲಿತ್