ಚಪ್ಪಾಳೆ ಕರಗುವಷ್ಟು ಹೊತ್ತು

ಮಂಗಳವಾರ, ಮಧ್ಯಾಹ್ನದ ಊಟದ ಬಿಡುವು

ಮುನಿಸಿಕೊಂಡ ಅಕ್ಕನಿಗೆ, ಮುನಿಸಿಗೆ ಕಾರಣಳಾದ ತಂಗಿಯ ನಮಸ್ಕಾರ.

ಸಿಮೆಂಟ್ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಸಾಕುಸಾಕಾಗಿದೆ ಕಣಕ್ಕ. ಏಳು ತಿಂಗಳಿಂದ ಈ ಹಳೇ ಚರ್ಚಿನ ಧೂಳು ನನ್ನ ಮೂಗಿನಲ್ಲೇ ಸಂಸಾರ ಹೂಡಿದೆ. ಏಳು ತಿಂಗಳಿಂದ ನೀನೂ ಫೋನ್ ಎತ್ತಿಲ್ಲ.

“ನಾನು ಮೂವತ್ತು ವರ್ಷ ಹಾಡಿದ ಚರ್ಚನ್ನ ಶಾಲೆ ಮಾಡೋ ಕೆಲಸಕ್ಕೆ ನೀನೇ ಮೇಲ್ವಿಚಾರಕಿ ಆಗ್ಬೇಕಿತ್ತಾ” ಅಂತ ಕೇಳಿದ್ದೇ ನಿನ್ನ ಕೊನೆಯ ಮಾತು. ನಾನೇನು ಮಾಡಲಿ? ಪ್ರಾರ್ಥನೆಗೆ ಬರುವವರು ಇಪ್ಪತ್ತು ಜನಕ್ಕಿಳಿದರು, ಸೂರು ಸೋರಿತು, ಪಾದ್ರಿಗಳೇ ಶಾಲೆಯವರ ಕೈಗೆ ಕೀಲಿಕೈ ಕೊಟ್ಟರು. ನಾನಲ್ಲದಿದ್ದರೆ ಇನ್ಯಾರೋ ಸುತ್ತಿಗೆ ಹಿಡಿದು ಬರುತ್ತಿದ್ದರು. ಬೆಂಚುಗಳನ್ನು ಬಿಸಾಡಿಲ್ಲ, ಮಕ್ಕಳ ಎತ್ತರಕ್ಕೆ ಅವುಗಳ ಕಾಲು ಕುಯ್ಯಿಸಿದ್ದೇನೆ. ನೀನು ಹಾಡುತ್ತಿದ್ದ ಅಟ್ಟದಲ್ಲಿ ಈಗ ಪುಸ್ತಕದ ಕಪಾಟುಗಳಿವೆ.

ಹೊಟ್ಟೆ ಉರಿಯುವ ಸುದ್ದಿ ಇನ್ನೊಂದಿದೆ. ಪ್ರತಿಧ್ವನಿ ಹೋಯಿತು. ಮೊದಲು ಸದ್ದು ಅಳೆಯುವವರು ಬಂದು ಎರಡು ಹಲಗೆಗಳನ್ನು ಪಟ್ಟಂತ ಬಡಿದಾಗ ಆ ಸದ್ದು ಕರಗಲು ಐದು ಸೆಕೆಂಡ್ ಹಿಡಿದಿತ್ತು. ನಿನ್ನ ಹಾಡನ್ನು ಹೊತ್ತು ಮೆರೆಸುತ್ತಿದ್ದುದು ಅದೇ. ಆದರೆ ಪಾಠ ಮಾಡಿದರೆ ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಎಲ್ಲ ಕಲಸಿಹೋಗುತ್ತಿತ್ತು. ಅದಕ್ಕೆ ಗೋಡೆ, ಚಾವಣಿಗೆಲ್ಲ ದಪ್ಪ ಉಣ್ಣೆಯ ಹಾಸು ಹೊಡೆಸಿದೆ. ನಿನ್ನೆ ಅಳೆದರೆ ಒಂದು ಸೆಕೆಂಡೂ ಇಲ್ಲ. ನಾನೂ ಒಂದು ಚಪ್ಪಾಳೆ ತಟ್ಟಿದೆ; ಕೈಯಲ್ಲೇ ಸತ್ತುಹೋಯಿತು. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಚಿಕ್ಕಂದಿನಲ್ಲಿ ನನ್ನನ್ನು ಒಡಕು ಗಡಿಗೆ ಅಂತ ಹಾಡಿನ ಗುಂಪಿನಿಂದ ಓಡಿಸಿದೆಯಲ್ಲ, ಅದಕ್ಕೇ ಸೇಡು ತೀರಿಸಿಕೊಂಡಳು ಅಂತ ನೀನು ಅಂದರೂ ಅನ್ನಬಹುದು.

ಹೊಸ ಶಾಲೆಯ ಹೆಡ್‌ಮಿಸ್ ಮತ್ತೆ ನಿನ್ನನ್ನೇ ಕರೆತರಲು ಕೇಳಿದರು. ಚಿಕ್ಕ ಮಕ್ಕಳಿಗೆ ಓದು ಕಲಿಸೋಕೆ ನಿಮ್ಮಕ್ಕನಷ್ಟು ತಾಳ್ಮೆ ಇರೋರು ಸಿಗಲ್ಲ, ಶುಕ್ರವಾರದವರೆಗೂ ಕಾಯ್ತೀನಿ, ಆಮೇಲೆ ಬೇರೆಯವರನ್ನ ನೋಡ್ಲೇಬೇಕು ಅಂದರು. ನೀನೋ, ಆ ಹಾಳುಗೆಡವಿದ ಜಾಗಕ್ಕೆ ಕಾಲಿಡಲ್ಲ ಅಂತ ಹೇಳಿಕಳಿಸಿದ್ದೀಯಂತೆ. ಗಂಟಲು ಸರಿಯಿಲ್ಲ ಅಂತ ಹೋದ ವರ್ಷ ನೀನು ಕಲಿಸುತ್ತಿದ್ದ ಹಳೇ ಶಾಲೆಯನ್ನೂ ಬಿಟ್ಟೆ. ಹೀಗೆ ಬಾಗಿಲು ಹಾಕಿಕೊಂಡು ಎಷ್ಟು ದಿನ ಕೂರುತ್ತೀಯ? ಒಂದು ಸಲ ಬಾ. ಒಳಗೆ ನಿಂತು ನನ್ನನ್ನು ಎದುರಿಗೇ ಬೈಯಿ.

ದಣಿದಿರುವ ನಿನ್ನ
ಒಡಕು ಗಡಿಗೆ

ತಾ.ಕ.: ಪ್ರತಿಧ್ವನಿ ಒಂದೂವರೆ ಸೆಕೆಂಡಿಗೆ ಇಳಿದಾಗಲೇ ಶಾಲೆಯವರು ಸಾಕು ಅಂದಿದ್ದರು. ಇನ್ನೂ ಹಾಸು ಹೊಡೆಯಿರಿ ಅಂತ ಹಟ ಹಿಡಿದವಳು ನಾನು. ಚರ್ಚಿನ ಕೊನೆಯ ಪ್ರಾರ್ಥನೆಯ ದಿನ ಎಲ್ಲರೂ ನಿಲ್ಲಿಸಿದ ಮೇಲೂ ನೀನೊಬ್ಬಳೇ ಹಾಡುತ್ತಿದ್ದೆ. ಪಾದ್ರಿಗಳು ಎರಡು ಸಲ ಕರೆದದ್ದೂ ನಿನಗೆ ಕೇಳಿಸಲಿಲ್ಲ. ಕೆಟ್ಟಿದ್ದು ನಿನ್ನ ಗಂಟಲಲ್ಲ, ಅಕ್ಕ. ಫೋನ್ ಯಾಕೆ ಎತ್ತುತ್ತಿಲ್ಲ ಅನ್ನುವುದೂ ನನಗೆ ಗೊತ್ತು. ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಕಿವಿ ಮಂದವಾದವರಿಗೆ ಮಾತು ತಿಳಿಯದಂತೆ ಮಾಡುವುದೇ ಪ್ರತಿಧ್ವನಿ ಅಂತ ಆ ಅಳೆಯುವವರು ಹೇಳಿದ್ದರು. ನಿನ್ನೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಟೀಚರ್ ಮೇಜಿನ ಹತ್ತಿರ ನಿಂತೆ. ಹೆಡ್‌ಮಿಸ್ ಕೊನೆಯ ಬೆಂಚಿನಲ್ಲಿ ಕೂತು ಮಗ್ಗಿ ಹೇಳಿದರು. ಒಂದೊಂದು ಅಂಕಿಯೂ ಕೇಳಿಸಿತು. ಶುಕ್ರವಾರ ಬಾ.