ಕಾಶವ್ವನ ಐದನೇ ಹಾಳೆ

ನೆರಳುಮನೆ, ಗದಗ
೩೦ ಫೆಬ್ರವರಿ ೨೧೬೪

ಶಾಂಭವಿ ಅವರಿಗೆ ನಮಸ್ಕಾರ.

ತಾರೀಖು ನೋಡಿ ಬೆಚ್ಚಬೇಡಿ. ನಮ್ಮ ಕಾಲದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟುಬಿಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ, ನಮ್ಮಿಬ್ಬರ ನಡುವೆ ನೂರ ನಲವತ್ತು ವರ್ಷಗಳಿವೆ.

ನೆರಳುಮನೆ ಎಂದರೆ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಗೆ ಅಂಟಿಕೊಂಡ ವಠಾರ. ಮಗುವೊಂದು ಚಿಕಿತ್ಸೆಗೆ ಬಂದರೆ ಮನೆಮಂದಿಯೆಲ್ಲ ಇಲ್ಲಿಗೇ ಬರುತ್ತಾರೆ. ಅಜ್ಜಿ ಇಲ್ಲೇ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಾಳೆ, ಅಪ್ಪನ ಕೆಲಸವನ್ನು ಊರವರು ಸರದಿಯ ಮೇಲೆ ನೋಡಿಕೊಳ್ಳುತ್ತಾರೆ, ಒಡಹುಟ್ಟಿದವರಿಗೆ ಇಲ್ಲೇ ಶಾಲೆ. ಪ್ರತಿ ಮನೆಗೂ ಒಬ್ಬ ಕೇಳುಗಿತ್ತಿ ಇರುತ್ತಾಳೆ. ಕೇಳುವುದೇ ಅವಳ ಕಸುಬು. ಔಷಧಿಯ ಮಾತು ಡಾಕ್ಟರಿಗೆ. ತಾಯಿಗೆ ಊಟ ಸೇರುತ್ತಿದೆಯೇ, ಗಂಡ ಹೆಂಡತಿ ಮಾತಾಡುತ್ತಿದ್ದಾರೆಯೇ, ತಂಗಿ ಯಾಕೆ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ ಎಂಬುದೆಲ್ಲ ಅವಳಿಗೆ. ಇದು ಹುಟ್ಟಿದ್ದು, ಕಾಯಿಲೆಯ ಮಕ್ಕಳ ಮನೆಮಂದಿಯ ಪಾಡನ್ನು ಕೇಳಿ ಬರೆದುಕೊಂಡ ನಿಮ್ಮಂಥವರ ಅಧ್ಯಯನಗಳಿಂದ. ನಾನು ಆ ಹಳೆಯ ಕಾಗದಗಳನ್ನು ಇಲ್ಲಿ ಕಾಯುವವಳು.

ನಿಮ್ಮ ಪ್ರಶ್ನಾವಳಿ ಓದಿ ನಗುವೂ ಬಂತು. ಹೋದ ವಾರ ಎಷ್ಟು ಸಲ ಚಿಂತೆಯಾಯಿತು ಎಂದು ಕೇಳಿ, ಗುರುತು ಹಾಕಲು ನಾಲ್ಕು ಚೌಕ ಕೊಟ್ಟಿದ್ದೀರಿ. ಏಳು ವರ್ಷದ ಈರಣ್ಣನ ತಾಯಿ ಕಾಶವ್ವನ ಉತ್ತರ ಯಾವ ಚೌಕದಲ್ಲೂ ಹಿಡಿಸದೆ ಅಂಚಿನಲ್ಲಿ ಬರೆದುಕೊಂಡಿದ್ದೀರಿ: "ಚಿಂತಿ ನಡುನಡುವ ಬಿಟ್ಟು ಬಂದರ ಅಲ್ಲೇನ್ರಿ ಎಣಸೂದು?" ಅದನ್ನು ಬಿಡದೆ ಬರೆದುಕೊಂಡ ನಿಮ್ಮ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು. ಮೂರು ತಿಂಗಳಿಗೊಂದರಂತೆ ಹೀಗೆ ನಾಲ್ಕು ಹಾಳೆ. ಐದನೆಯದರಲ್ಲಿ ಒಂದೇ ಸಾಲು: ಮಗು ತೀರಿಕೊಂಡಿದೆ, ಕುಟುಂಬವನ್ನು ಅಧ್ಯಯನದಿಂದ ಕೈಬಿಡಲಾಗಿದೆ. ನಿಯಮವೇ ಹಾಗಿತ್ತು, ನಿಮ್ಮನ್ನು ದೂರುವುದಿಲ್ಲ. ಆದರೆ ಓದಿದಾಗ ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ನಮ್ಮ ಕಾಲದಲ್ಲೂ ಎಲ್ಲ ಮಕ್ಕಳು ಉಳಿಯುವುದಿಲ್ಲ. ನನ್ನ ಮಗಳು ತುಂಗವ್ವ ಉಳಿಯಲಿಲ್ಲ, ಅವಳಿಗೆ ಒಂಬತ್ತು. ಮಣ್ಣು ಮಾಡಿ ಬಂದ ಮೇಲೆ, ನನಗೆ ನೋವಾದೀತೆಂದು ನೆಂಟರು ಅವಳ ಹೆಸರೆತ್ತುವುದನ್ನೇ ಬಿಟ್ಟರು. ಮೂರು ತಿಂಗಳಾದ ಮೇಲೆ ಕೇಳುಗಿತ್ತಿ ಮನೆಗೆ ಬಂದಳು. ಮಗು ಹೋದರೂ ಆ ಭೇಟಿ ತಪ್ಪಬಾರದೆಂಬುದು ನಮ್ಮಲ್ಲಿ ಪದ್ಧತಿ. ಕಾಗದ ಪೆನ್ನು ಏನೂ ತಂದಿರಲಿಲ್ಲ. ನನ್ನ ಪಕ್ಕ ಕೂತು, "ತುಂಗವ್ವ ಹೆಂಗ ನಗತಿದ್ಲು, ಹೇಳ್ರಿ" ಎಂದಳು. ಸಂಜೆಯವರೆಗೆ ಹೇಳಿದೆ. ತುಂಗವ್ವನ ತಾಯಿ ಎಂದು ನನ್ನನ್ನು ಯಾರೋ ಮತ್ತೆ ಗುರುತಿಸಿದಂತಾಯಿತು.

ಕಾಶವ್ವನನ್ನು ಹೀಗೆ ಯಾರಾದರೂ ಕೇಳಿದರೇ? ಉಳಿದ ಕಾಗದಗಳಲ್ಲೆಲ್ಲ ಹುಡುಕಿ ಸೋತೆ. ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ, ಆದರೂ ಬೇಡಿಕೊಳ್ಳುತ್ತೇನೆ. ಫೈಲು ಕಟ್ಟಿಡುವ ಮೊದಲು ಒಂದು ದಿನ ರಜೆ ಹಾಕಿ ಅವಳ ಊರಿನ ಬಸ್ಸು ಹತ್ತಿ. ಅತ್ತಾಳೆಂದು ಹೆದರಿ ಬಾಗಿಲಿನಿಂದಲೇ ತಿರುಗಬೇಡಿ. ಅವಳು ಹೇಳಿದ್ದನ್ನು ಎಲ್ಲೂ ಬರೆಯಬೇಕಾಗಿಲ್ಲ. ನಮಗೆ ಸಿಗುವ ಹಾಳೆಯಲ್ಲಿ ಆ ಒಂದೇ ಸಾಲು ಇದ್ದರೂ ಇರಲಿ, ಈರಣ್ಣ ಹೇಗಿದ್ದನೆಂದು ನೀವೊಬ್ಬರು ಅವಳನ್ನು ಕೇಳಿದ್ದರೆ ಸಾಕು.

ದಾಕ್ಷಾಯಣಿ